ಸತ್ಯಮ್ಮ ಹೊತ್ತ ಗ್ರಹಣ

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ನಾರಾಯಣಪೇಟೆಯ ನೇಕಾರ ತಾಯಣ್ಣನ ಹೆಂಡತಿ ಸತ್ಯಮ್ಮ ಬಸುರಿಯಾಗಿದ್ದಾಗ ಸೂರ್ಯಗ್ರಹಣ ಬಂತು. ಕತ್ತಲೆಕೋಣೆಯಲ್ಲಿ ಕೂಡಬೇಕಿದ್ದವಳು, ಗಿರಾಕಿಯ ಮದುವೆ ಸೀರೆ ಮಗ್ಗದ ಮೇಲೇ ಉಳಿದೀತೆಂದು ಮಗ್ಗದ ಬಳಿ ಹೋಗಿ ನೂಲನ್ನು ಹಲ್ಲಿನಿಂದ ಕಡಿದು ಗಂಟು ಹಾಕಿದಳು.

ಹುಟ್ಟಿದ ಮಗಳು ಹನುಮಮ್ಮನ ಮುಖ ಅಲುಗಲೇ ಇಲ್ಲ. ಅತ್ತರೆ ದನಿ ಮಾತ್ರ ಬರುತ್ತಿತ್ತು. ನಿದ್ದೆಯಲ್ಲೂ ರೆಪ್ಪೆ ಪೂರಾ ಮುಚ್ಚುತ್ತಿರಲಿಲ್ಲ.

"ಗ್ರಹಣ ಹಿಡದೈತಿ," ಎಂದಳು ಸೂಲಗಿತ್ತಿ.

ನೂಲು ಕಡಿದದ್ದನ್ನು ಸತ್ಯಮ್ಮ ಯಾರಿಗೂ ಹೇಳದೆ ಮುಚ್ಚಿಟ್ಟಳು. ಸೋಮವಾರ ಉಪವಾಸ ಹಿಡಿದಳು. ಯಾರಾದರೂ ಬಂದರೆ ಮಗುವಿನ ಮುಖಕ್ಕೆ ಸೆರಗು ಎಳೆದಳು. ಹುಡುಗಿ ಬೆಳೆದು ಐದಾರು ವರ್ಷದವಳಾದಳು. ಒಂದು ದಿನ ಬಣ್ಣದ ಗಡಿಗೆ ಉರುಳಿಸಿ, ತಾಯಿ ಬೈಯುತ್ತಿದ್ದರೆ ಸುಮ್ಮನೆ ನೋಡುತ್ತ ನಿಂತಳು.

"ಅಂಜಿಕಿನೂ ಇಲ್ಲೇನ ನಿನಗ?" ಎಂದು ಸತ್ಯಮ್ಮ ಕೆನ್ನೆಗೆ ಬಾರಿಸಿದಳು. ಮಗು ಹೆದರಿ ಲಂಗ ಒದ್ದೆ ಮಾಡಿಕೊಂಡದ್ದು ಆಮೇಲೆ ಕಂಡಿತು.

ಆ ಬೇಸಿಗೆ ಗದ್ವಾಲದಲ್ಲಿ ಗಂಡನ ಕಡೆಯ ಮದುವೆ. ಮಕ್ತಲ್ ಮೇಲೆ ಹಾದು, ಕೃಷ್ಣೆಯನ್ನು ಹರಿಗೋಲಿನಲ್ಲಿ ದಾಟಿ ಹೋದರು. ಚಪ್ಪರದಡಿ ಮುದುಕಿಯೊಬ್ಬಳು ಹನುಮಮ್ಮನನ್ನು ಮಡಿಲಿಗೆ ಎಳೆದುಕೊಂಡಳು. ಸತ್ಯಮ್ಮ ಮುದುಕಿಯ ಮುಖ ನೋಡಿದಳು. ಅದೇ ಅಲುಗದ ಮುಖ! ಅವಳು ತಾಯಣ್ಣನ ಸೋದರತ್ತೆ ಜಮ್ಮುಲಮ್ಮ; ಸತ್ಯಮ್ಮ ಅವಳನ್ನು ಹಿಂದೆ ಕಂಡಿರಲಿಲ್ಲ.

"ನಮ್ಮಪ್ಪಗೂ ಹಿಂಗ ಇತ್ತವ್ವ," ಎಂದಳು ಮುದುಕಿ. ತುಟಿ ಕೂಡದೆ ಮಾತು ತೊದಲುತ್ತಿತ್ತು. "ಮನಿತನದಾಗ ಬಂದದ್ದು. ನಿನ್ನ ಗಂಡ ನಕ್ಕರ ಒಂದ ಕಡಿ ತುಟಿ ಏಳತೈತಿ, ನೋಡಿಲ್ಲೇನು?"

"ನಾ ಗ್ರಹಣದಾಗ ನೂಲು ಕಡದೀನ್ರಿ, ಅತ್ತಿ."

"ನಮ್ಮವ್ವ ಗ್ರಹಣದಾಗ ಒಳಗ ಕುಂತಿದ್ದಳು. ನಾ ಹಿಂಗ ಹುಟ್ಟಲಿಲ್ಲೇನು? ಸಿಟ್ಟು, ಅಂಜಿಕಿ, ನಗಿ ಎಲ್ಲಾ ಐತಿ ಈ ಕೂಸಿಗೆ. ಮುಖದಾಗ ಹುಡಕಬ್ಯಾಡ. ಕೈ ನೋಡು, ದನಿ ಕೇಳು."

ಸತ್ಯಮ್ಮ ಗಂಡನನ್ನು ಹುಡುಕಿಕೊಂಡು ಹೋದಳು. "ಯಾಕ ಹೇಳಲಿಲ್ಲ?"

ತಾಯಣ್ಣ ತಲೆ ಎತ್ತಲಿಲ್ಲ. "ಹೇಳಿದ್ದರ ನಿಮ್ಮಪ್ಪ ಹೆಣ್ಣು ಕೊಡತಿದ್ದಿಲ್ಲ. ಆಮ್ಯಾಲ ಹೇಳಾಕ ಬಾಯಿ ಬರಲಿಲ್ಲ."

ತಾನೂ ನೂಲು ಕಡಿದದ್ದನ್ನು ಮುಚ್ಚಿಟ್ಟವಳೇ; ಅವನ ಮೇಲೆ ಸಿಟ್ಟು ಮಾಡಲು ಅವಳಿಗೆ ಆಗಲಿಲ್ಲ. ಗ್ರಹಣದ ಭಾರವೇನೋ ಇಳಿದಿತ್ತು. ಆದರೆ ಮಗುವಿಗೆ ಹೊಡೆದವಳು ತಾನೇ ಅಲ್ಲವೇ? ತಿರುಗಿ ಬರುವಾಗ ಹರಿಗೋಲಿನಲ್ಲಿ ಕೇಳಿದಳು, "ನನ್ನ ಮ್ಯಾಲ ಸಿಟ್ಟೈತೇನವ್ವ?"

"ಅವತ್ತು ಇತ್ತು," ಎಂದಳು ಹನುಮಮ್ಮ, ನೀರಿನಲ್ಲಿ ಬೆರಳಾಡಿಸುತ್ತ.

ವರ್ಷಗಳ ಮೇಲೆ ಮಗಳನ್ನು ಮದುವೆಗೆಂದು ನೋಡಲು ಬಂದವರಿಗೆ ಸತ್ಯಮ್ಮ ತಾನೇ ಮುಂದಾಗಿ ಹೇಳಿದಳು: "ಹುಟ್ಟೋ ಕೂಸಿಗೂ ಹಿಂಗ ಆಗಬಹುದ್ರಿ." ಐಜ ಊರಿನವರು ಎದ್ದು ಹೋದರು. ಮಕ್ತಲಿನವರು ಕುಳಿತರು, ಹುಡುಗಿ ನೇಯ್ದ ಸೀರೆಯ ಅಂಚು ಹಿಡಿದು ನೋಡಿದರು. ಮದುವೆ ಮಾತು ಕುದುರುವಷ್ಟರಲ್ಲಿ ಒಳಗಿನಿಂದ ಹನುಮಮ್ಮ ಗುನುಗುವುದು ಕೇಳಿಸಿತು.