ಹಳೆ ಸೀರೆಗೆ ಬಂದ ಡಬ್ಬಿ

ತೊಂಬತ್ತರ ದಶಕದಲ್ಲಿ ಪುಣೆಯ ನಮ್ಮ ಓಣಿಗೆ ಹಳೆ ಬಟ್ಟೆ ತಗೊಂಡು ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ಬುಟ್ಟಿ ಹೊತ್ತು ಬರುತ್ತಿದ್ದರು. ಅವರ ಕೂಗು ಕೇಳಿದರೆ ನನಗೆ ಹಬ್ಬ. ಒಂದು ಮಧ್ಯಾಹ್ನ ಹೊಳೆಯುವ ದೊಡ್ಡ ಡಬ್ಬಿಯೊಂದರ ಮೇಲೆ ನನ್ನ ಕಣ್ಣು ಬಿತ್ತು. ಗಂಡನ ಪ್ಯಾಂಟು, ನನ್ನ ಸೀರೆ ಎಲ್ಲ ತಂದು ಸುರಿದರೂ ಆಕೆ ಸಾಲದು ಎಂದಳು. ನಾನೇನು ಬಿಡುವವಳೇ? ಬಾಗಿಲಲ್ಲೇ ಮರಾಠಿಯಲ್ಲಿ ಜಗಳಕ್ಕೆ ನಿಂತೆ.

ಧಾರವಾಡದಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ ಸುಮ್ಮನೆ ಒಳಗೆ ಹೋಗಿ, ತಮ್ಮ ಹಳೆ ಇಳಕಲ್ ಸೀರೆಗಳ ಗಂಟನ್ನೇ ತಂದು ಆಕೆಯ ಮುಂದಿಟ್ಟರು.

"ತಗೋವಾ, ಡಬ್ಬಿ ಛಲೋ ಅದ" ಎಂದರು ನನಗೆ.

ಖುಷಿಯಲ್ಲಿ ನಾನು ಆ ಗಂಟು ಯಾತಕ್ಕೆ ಇಟ್ಟಿದ್ದಿರಿ ಎಂದೂ ಕೇಳದೆ ಡಬ್ಬಿ ಎತ್ತಿಕೊಂಡೆ.

ಚಳಿಗಾಲ ಬಂತು. ಅತ್ತೆ ಎರಡು ತೆಳು ಚಾದರ ಜೋಡಿಸಿ ಹೊದ್ದು, ಮುದುಡಿ ಮಲಗತೊಡಗಿದರು. "ಈ ಸಲ ಕೌದಿ ಹೊಲಿಯಲಿಲ್ಲೇನ್ರಿ?" ಎಂದೆ.

"ಕೌದಿಗೆ ಕೂಡಿಟ್ಟ ಸೀರಿನೇ ನಿನ್ನ ಡಬ್ಬಿ ಆದವಲ್ಲ" ಎಂದು ನಕ್ಕರು.

ನನ್ನ ಆಸೆಗಿಷ್ಟು ಬೆಂಕಿ ಬೀಳಲಿ. ಮರುದಿನವೇ ರಗ್ಗು ತಂದುಕೊಟ್ಟೆ. "ಮೈಗೆ ಚುಚ್ಚತದ" ಎಂದು ಮಡಚಿಟ್ಟರು.

ಆದರೆ ಮನೆಗೆ ಯಾರೇ ಬರಲಿ, ಆ ಡಬ್ಬಿಯಿಂದಲೇ ಅವಲಕ್ಕಿ ತೆಗೆದುಕೊಡುತ್ತ ಹೇಳುತ್ತಿದ್ದರು: "ನಮ್ಮ ಸೊಸಿ ಭಾಳ ಶಾಣ್ಯಾಕಿ ಅದಾಳ್ರಿ. ಇದನ್ನ ಫುಕಟ್ ತಗೊಂಡಾಳ."