ಜಪಾನಿನ ಆಟಗಾರನ ಹೆಸರಿನಲ್ಲಿ ನಾನು ಬರೆದದ್ದು

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ದಿನಗಳಲ್ಲಿ ನಾನು ಬಾಗಲಕೋಟೆಯ ಒಂದು ವಾರಪತ್ರಿಕೆಯಲ್ಲಿ ಕೆಲಸಕ್ಕಿದ್ದೆ. ಅಚ್ಚಿನ ಮೊಳೆ ಜೋಡಿಸುವವನು, ಕರಡು ತಿದ್ದುವವನು, ಮಾಲಕರು ಊರಲ್ಲಿ ಇಲ್ಲದಾಗ ಅಗ್ರಲೇಖನ ಬರೆಯುವವನು, ಎಲ್ಲ ನಾನೇ. ನಾಲ್ಕು ಪುಟದ ಪತ್ರಿಕೆ. ಪೇಟೆ ಧಾರಣೆ, ವರ್ಗಾವಣೆ, ಶ್ರದ್ಧಾಂಜಲಿ ಇವೆಲ್ಲ ತುಂಬಿದ ಮೇಲೂ ಕೊನೆಯ ಪುಟದ ಕೆಳಗೆ ಒಂದು ಗೇಣು ಜಾಗ ಉಳಿಯುತ್ತಿತ್ತು.

"ಆ ಜಾಗಾ ಖಾಲಿ ಬಿಡಬ್ಯಾಡಲೇ. ಏನರ ಆಟದ ಸುದ್ದಿ ಹಾಕು, ಮಂದಿ ಓದ್ತಾರ" ಎಂದರು ಮಾಲಕರು ಒಂದು ದಿನ.

ನಾನು ಕಾಲೇಜಿನಲ್ಲಿ ಎರಡು ವರ್ಷ ಫುಟ್‌ಬಾಲ್ ಆಡಿದವನು. ನಿಜ ಹೇಳಬೇಕೆಂದರೆ ಆಡಿದ್ದು ಕಡಿಮೆ, ಗೆರೆಯ ಹೊರಗೆ ಕೂತು ಉಳಿದವರ ಅಂಗಿ ಕಾದದ್ದೇ ಹೆಚ್ಚು. ಆದರೂ ಆ ಆಟದ ಹುಚ್ಚು ಬಿಟ್ಟಿರಲಿಲ್ಲ. ಹುಬ್ಬಳ್ಳಿಯಿಂದ ಬರುತ್ತಿದ್ದ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ತಿರುವಿ ಹಾಕುವಾಗ ಒಂದು ಮೂಲೆಯಲ್ಲಿ ಮೂರೇ ಸಾಲಿನ ಸುದ್ದಿ ಕಣ್ಣಿಗೆ ಬಿತ್ತು. ಜಪಾನಿನ ಆಟಗಾರನೊಬ್ಬ ಪಶ್ಚಿಮ ಜರ್ಮನಿಯ ದೊಡ್ಡ ಕ್ಲಬ್ಬಿಗೆ ಸೇರಿದ್ದಾನೆ. ಅಲ್ಲಿ ಸಂಬಳಕ್ಕೆ ಆಡಲು ಹೋದವರಲ್ಲಿ ಅವನ ದೇಶಕ್ಕೆ ಅವನೇ ಮೊದಲಿಗ. ಅಲ್ಲಿಯವರೆಗೆ ಊರಲ್ಲಿ ಒಂದು ಕಂಪನಿಯ ನೌಕರನಾಗಿದ್ದು ಅದರ ತಂಡಕ್ಕೆ ಆಡುತ್ತಿದ್ದನಂತೆ.

ಆ ಮೂರು ಸಾಲನ್ನು ನಾನು ಮೂವತ್ತು ಸಾಲು ಮಾಡಿದೆ. ಮಾಡುವಾಗ ತಪ್ಪು ಅನಿಸಲಿಲ್ಲ. ಅಲ್ಲಿಯ ಚಳಿ, ತಿಳಿಯದ ಭಾಷೆ, ಅವನಿಗಿಂತ ಒಂದು ಮೊಳ ಎತ್ತರದ ಬಿಳಿಯ ಆಟಗಾರರು, ಇವೆಲ್ಲ ಯಾರಾದರೂ ಊಹಿಸಬಹುದಾದ ಮಾತು ತಾನೇ. ಆ ವಾರ ಇಬ್ಬರು ಓದುಗರು ಕಾರ್ಡು ಬರೆದರು. ಮಾಲಕರು ನನ್ನ ಬೆನ್ನು ತಟ್ಟಿದರು. ಮುಂದಿನ ವಾರ ಮತ್ತೆ ಬರೆದೆ, ಅದರ ಮುಂದಿನ ವಾರವೂ ಬರೆದೆ. ನಿಜವಾದ ಸುದ್ದಿ ಸಿಗುತ್ತಿದ್ದುದು ಎರಡು ಮೂರು ತಿಂಗಳಿಗೊಮ್ಮೆ, ಅದೂ ಒಂದೋ ಎರಡೋ ಸಾಲು. ಪತ್ರಿಕೆ ಮಾತ್ರ ಪ್ರತಿ ವಾರ ಹೊರಡಬೇಕಿತ್ತು. ಹಾಗಾಗಿ ನಡುವಿನದೆಲ್ಲ ನನ್ನ ತಲೆಯೊಳಗಿಂದ ಬಂತು. ಅವನು ಹಿಮದಲ್ಲಿ ಬರಿಗಾಲಲ್ಲಿ ಓಡುತ್ತಾನೆ ಎಂದು ಬರೆದೆ. ಊರಿಂದ ತಂದ ಅಕ್ಕಿಯನ್ನು ತಾನೇ ಬೇಯಿಸಿಕೊಂಡು ಉಣ್ಣುತ್ತಾನೆ ಎಂದೆ. ತಾಯಿಗೆ ಬರೆದ ಕಾಗದವೊಂದನ್ನೂ ಅಚ್ಚು ಹಾಕಿದೆ. ಅದನ್ನು ಬರೆದದ್ದು ಅಚ್ಚುಕೂಟದ ಮುರುಕು ಸ್ಟೂಲಿನ ಮೇಲೆ ಕೂತ ನಾನು.

ಕಾರ್ಡು ಬರೆಯುವವರಲ್ಲಿ ಒಂದು ವಿಳಾಸ ತಪ್ಪುತ್ತಲೇ ಇರಲಿಲ್ಲ. ಇಳಕಲ್ಲಿನ ಒಬ್ಬ ನೇಕಾರ. ವಯಸ್ಸು ಇಪ್ಪತ್ತೈದರ ಆಸುಪಾಸು. ಹಗಲೆಲ್ಲ ಸೀರೆ ನೇಯುವುದು, ಸಂಜೆ ಓಣಿಯ ನೇಕಾರರನ್ನು ಕಟ್ಟಿಕೊಂಡು ಊರ ಹೊರಗಿನ ಬಯಲಿನಲ್ಲಿ ಫುಟ್‌ಬಾಲ್ ಆಡುವುದು. ಅವನಿಗೆ ಓದು ಅಷ್ಟಕ್ಕಷ್ಟೆ. ಹೆಂಡತಿ ಏಳನೆಯ ಇಯತ್ತೆ ಕಲಿತವಳು. ಅವನು ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವಾಗ ಅವಳು ಪಕ್ಕದಲ್ಲಿ ಕೂತು ನನ್ನ ಬರಹ ಓದಿ ಹೇಳುತ್ತಿದ್ದಳು. ಕಾರ್ಡುಗಳೂ ಅವಳ ಕೈಬರಹದವೇ. ಅಕ್ಷರಗಳು ಗುಂಡಗೆ, ಒಂದಕ್ಕೊಂದು ತಾಗದ ಹಾಗೆ ಇರುತ್ತಿದ್ದವು.

ಅವನ ಆಟವನ್ನು ನಾನು ಒಮ್ಮೆ ಕಣ್ಣಾರೆ ಕಂಡೆ. ಬಾಗಲಕೋಟೆಯಲ್ಲಿ ಪಂದ್ಯಗಳು ನಡೆದಾಗ ಇಳಕಲ್ಲಿನ ತಂಡ ಬಂದಿತ್ತು. ಎಡಗಾಲಿನವನು. ಚೆಂಡು ಕಾಲಿಗೆ ಬಂದರೆ ಅಲ್ಲೇ ಒಂದು ಕ್ಷಣ ನಿಂತುಬಿಡುತ್ತಿತ್ತು, ಎದುರಿನವನು ಮೋಸ ಹೋಗಿ ಪಕ್ಕಕ್ಕೆ ವಾಲಿದ ಮೇಲೆ ಮುಂದೆ ಹೋಗುತ್ತಿತ್ತು. ಎರಡು ವರ್ಷ ಗೆರೆಯ ಹೊರಗೆ ಕೂತ ನನಗೆ ಅದೇನೆಂದು ಗೊತ್ತಾಯಿತು. ನನಗೆ ಎಂದೂ ಬರದೇ ಹೋದದ್ದು ಅದೇ. ಆ ಪಂದ್ಯ ನೋಡಲು ಬಂದವರಲ್ಲಿ ಮುಂಬಯಿಯ ಒಂದು ಬಟ್ಟೆ ಗಿರಣಿಯ ಫುಟ್‌ಬಾಲ್ ತಂಡದ ಹಿರಿಯರೂ ಇದ್ದರು. ಯಾರದೋ ಮದುವೆಗೆ ಬಂದವರು, ಹೊತ್ತು ಕಳೆಯಲು ಮೈದಾನಕ್ಕೆ ಬಂದಿದ್ದರು.

ಒಂದು ತಿಂಗಳಾದ ಮೇಲೆ ಇಳಕಲ್ಲಿನಿಂದ ಕಾರ್ಡು ಬಂತು. ಅದೇ ಗುಂಡನೆಯ ಅಕ್ಷರ. ಗಿರಣಿಯ ತಂಡದವರು ಅವನನ್ನು ಕರೆದಿದ್ದಾರೆ, ಗಿರಣಿಯಲ್ಲಿ ನೌಕರಿಯೂ ಕೊಡುತ್ತಾರಂತೆ, ಹದಿನೈದು ದಿನದೊಳಗೆ ಹೊರಟು ಬಾ ಎಂದಿದ್ದಾರೆ. ಮನೆಯಲ್ಲಿ ಹಿರಿಯರಿಗೆ ಮನಸ್ಸಿಲ್ಲ. ನಮಗೂ ಏನೂ ತೋಚುತ್ತಿಲ್ಲ. ಜರ್ಮನಿಯ ಕ್ಲಬ್ಬಿನವರು ಆ ಜಪಾನಿನವರನ್ನು ಕರೆದಾಗ ಅವರು ಏನು ಮಾಡಿದರು, ದಯವಿಟ್ಟು ಬರೆಯಿರಿ.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಂದು ಕಾರ್ಡು ಬರೆದು ಹಾಕಿದ್ದರೆ ಮುಗಿಯುತ್ತಿತ್ತು. ಹೋಗಪ್ಪಾ, ಗಾಡಿ ಹತ್ತು ಎಂದು ಬರೆದಿದ್ದರೆ ಇನ್ನೂ ಒಳ್ಳೆಯದಿತ್ತು. ಆದರೆ ನನ್ನ ಮಾತಿಗೆ ಒಬ್ಬನ ಬದುಕು ಕಾದು ನಿಂತಿದೆ ಎನ್ನುವುದೇ ನನಗೆ ಅಮಲಿನಂತೆ ಏರಿತ್ತು. ಆ ವಾರ ಕೊನೆಯ ಪುಟದಲ್ಲಿ, ಮೊದಲ ಕರೆ ಬಂದಾಗ ಜಪಾನಿನ ಆಟಗಾರ ಒಲ್ಲೆ ಎಂದ, ತನ್ನ ಕಾಲಿನ ಬೆಲೆ ಅವರಿಗೆ ತಿಳಿಯಲಿ ಎಂದು ಸುಮ್ಮನೆ ಕೂತ, ಕ್ಲಬ್ಬಿನವರೇ ಎರಡನೆಯ ಸಲ ಹುಡುಕಿಕೊಂಡು ಬಂದಾಗ ತಲೆ ಎತ್ತಿಕೊಂಡು ಹೋದ ಎಂದು ಬರೆದೆ. ಮೊಳೆಗಳನ್ನು ನಾನೇ ಜೋಡಿಸಿದೆ. ಕರಡನ್ನೂ ನಾನೇ ತಿದ್ದಿದೆ. ಓದಿಕೊಂಡು ಚೆನ್ನಾಗಿದೆ ಅನಿಸಿತು.

ಈಗ ಕೇಳಿಕೊಳ್ಳುತ್ತೇನೆ, ಅದು ಬರೀ ಬರವಣಿಗೆಯ ಚಪಲವೇ ಆಗಿತ್ತೇ? ನಾನು ಅಲ್ಲಿಯವರೆಗೆ ಹುಬ್ಬಳ್ಳಿ ದಾಟಿ ಹೋದವನಲ್ಲ. ಅವನು ಮುಂಬಯಿಗೆ ಹೋಗುತ್ತಾನೆ ಎಂದು ಓದಿದಾಗ ನನಗೆ ಸಂತೋಷವಾಗದೇ ಹೋದದ್ದು ನೆನಪಿದೆ. ಅದಕ್ಕೆ ಹೆಸರಿಡಲು ನಾನು ಬಹಳ ವರ್ಷ ಒಪ್ಪಲಿಲ್ಲ.

ಮುಂದಿನ ಮಳೆಗಾಲ ಕಳೆದ ಮೇಲೆ ಪತ್ರಿಕೆಯ ಕೆಲಸಕ್ಕೆ ಇಳಕಲ್ಲಿಗೆ ಹೋಗಬೇಕಾಯಿತು. ಕಮತಗಿ, ಅಮೀನಗಡ, ಹುನಗುಂದ ದಾಟಿ ಬಸ್ಸು ಊರು ಮುಟ್ಟುವಾಗ ಮಧ್ಯಾಹ್ನ. ಅವರ ಕಾರ್ಡುಗಳಲ್ಲಿ ಮುಂಬಯಿಯ ಮಾತು ಮತ್ತೆ ಬಂದಿರಲಿಲ್ಲ. ಇಷ್ಟರಲ್ಲಿ ಅವನು ಅಲ್ಲಿಗೆ ಹೋಗಿಯೇ ಇದ್ದಾನು, ಮನೆಯವರನ್ನಾದರೂ ಮಾತಾಡಿಸಿ ಬರೋಣ ಎಂದು ಓಣಿ ಹುಡುಕಿಕೊಂಡು ಹೋದೆ. ಒಳಗಿನಿಂದ ಮಗ್ಗದ ಸದ್ದು ಬರುತ್ತಿತ್ತು. ಅವನೇ ಕುಣಿಯಿಂದ ಎದ್ದು ಬಂದ. ನಾನು ಯಾರೆಂದು ತಿಳಿದಾಗ ಅವನ ಮುಖ ಅರಳಿದ್ದನ್ನು ನೆನೆದರೆ ಇಂದಿಗೂ ತಲೆ ತಗ್ಗುತ್ತದೆ.

"ಬರ್ರಿ ಸರ, ಬರ್ರಿ. ಏ, ಪೇಪರಿನವರು ಬಂದಾರ ನೋಡ," ಎಂದು ಹೆಂಡತಿಯನ್ನು ಕೂಗಿದ. ಅವಳು ಕೈ ಒರೆಸಿಕೊಳ್ಳುತ್ತ ಬಂದಳು. ಕೂಡ್ರಲು ಜಮಖಾನೆ ಹಾಸಿದರು. ಮಗ್ಗದ ಪಕ್ಕದ ಗೋಡೆಗೆ ನನ್ನ ಬರಹಗಳನ್ನು ಒಂದರ ಕೆಳಗೆ ಒಂದು ಅಂಟಿಸಿದ್ದರು.

"ಮುಂಬೈಕ ಹೋಗಲಿಲ್ಲೇನು?" ಎಂದೆ.

"ಇಲ್ರಿ. ಮೊದಲ್ನೇ ಕಾಗದಕ್ಕ ಒಲ್ಲೆ ಅಂತ ಬರದ್ವಿ, ನೀವು ಬರದಂಗ. ಎರಡ್ನೇದು ಇನ್ನೂ ಬಂದಿಲ್ರಿ."

ಅವನು ನಗುತ್ತಲೇ ಹೇಳಿದ. ಅವಳು ನಗಲಿಲ್ಲ. ಚಹದ ಬಟ್ಟಲು ನನ್ನ ಮುಂದಿಟ್ಟು, "ಬರ್ತದಲ್ರೀ ಅಣ್ಣಾರ?" ಎಂದು ಕೇಳಿದಳು.

ಅಲ್ಲೇ ಹೇಳಬಹುದಿತ್ತು. ಚಹದ ಹಬೆಯ ಆಚೆ ಅವಳ ಮುಖ ಕಾಣುತ್ತಿತ್ತು. ನಾನು ಒಂದು ಗುಟುಕು ಕುಡಿದು, "ಬರ್ತದ ತಂಗಿ. ಇಂಥಾದಕ್ಕ ಸ್ವಲ್ಪ ತಡಾ ಆಗ್ತದ" ಎಂದೆ. ಮೊದಲ ಸುಳ್ಳು ಬರೆಯುವಾಗ ಅವರು ನನ್ನ ಕಣ್ಣೆದುರು ಇರಲಿಲ್ಲ. ಇದನ್ನು ಅವರ ಮನೆಯಲ್ಲಿ ಕೂತು, ಅವರ ಚಹ ಕುಡಿಯುತ್ತ ಹೇಳಿದೆ.

ಅದಾದ ಮೇಲೆ ಬರೆಯಲು ಕೂತರೆ ಕೈ ಏಳದಾಯಿತು. ಏನೋ ನೆಪ ಹೇಳಿ ಆ ಜಾಗದಲ್ಲಿ ಬಸ್ಸಿನ ವೇಳಾಪಟ್ಟಿ ಹಾಕತೊಡಗಿದೆ. ಕಾರ್ಡುಗಳು ಬಂದವು, ಜಪಾನಿನವರು ಹೇಗಿದ್ದಾರೆ ಎಂದು. ನಾನು ಉತ್ತರ ಬರೆಯಲಿಲ್ಲ.

ಒಂದೂವರೆ ವರ್ಷ ಹೀಗೇ ಕಳೆಯಿತು. ಒಂದು ಭಾನುವಾರ ನಂಟರ ಮನೆಗೆಂದು ಬಾದಾಮಿಗೆ ಹೋಗಿದ್ದೆ. ಕೆರೆಯ ದಂಡೆಯಲ್ಲಿ ಒಬ್ಬ ಜಪಾನೀ ಪ್ರವಾಸಿ ಕೂತು ಬಾಳೆಹಣ್ಣು ತಿನ್ನುತ್ತಿದ್ದ. ಹರುಕುಮುರುಕು ಇಂಗ್ಲಿಷಿನಲ್ಲಿ ನಾನು ಆ ಆಟಗಾರನ ಹೆಸರು ಹೇಳಿದೆ. ಅವನಿಗೆ ಆಶ್ಚರ್ಯವೋ ಆಶ್ಚರ್ಯ. ಈ ಊರಿನಲ್ಲಿ ಆ ಹೆಸರೇ ಎಂದು ನನ್ನ ಎರಡೂ ಕೈ ಹಿಡಿದುಕೊಂಡ. ಅವನ ಇಂಗ್ಲಿಷೂ ನನ್ನಂಥದೇ. ಬೆರಳಿನಿಂದ ಮಣ್ಣಿನಲ್ಲಿ ಮೈದಾನ ಬರೆದು ತೋರಿಸಿ, ಮೊದಲು ಮುಂದೆ ಆಡುತ್ತಿದ್ದವನನ್ನು ಈಗ ಬೇರೆ ಕ್ಲಬ್ಬಿನಲ್ಲಿ ಹಿಂದಕ್ಕೆ ಹಾಕಿದ್ದಾರೆ, ಅಲ್ಲಿಯೂ ಚೆನ್ನಾಗಿಯೇ ಆಡುತ್ತಾನೆ, ಹೆಂಡತಿ ಮಗುವೂ ಜೊತೆಗೇ ಹೋಗಿದ್ದಾರೆ ಎಂದ.

ಹಿಮದಲ್ಲಿ ಬರಿಗಾಲಲ್ಲಿ ಓಡುತ್ತಾನಂತೆ, ಹೌದೇ ಎಂದು ಕೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಮೊದಲ ಸಲ ಕರೆದಾಗ ಅವನು ಏನೆಂದ ಎಂದು ಕೇಳಿದೆ. ನಗು ನಿಲ್ಲಿಸಿ ಸ್ವಲ್ಪ ಯೋಚಿಸಿ, ನನಗೆ ಗೊತ್ತಿಲ್ಲ ಎಂದ.

ತನ್ನ ದೇಶದವನ ವಿಷಯದಲ್ಲಿ, ಪರ ಊರಿನ ಒಬ್ಬ ಅಪರಿಚಿತನಿಗೆ, ಅವನು ಎಷ್ಟು ಸಲೀಸಾಗಿ ಆ ಮಾತು ಹೇಳಿಬಿಟ್ಟ. ನಾನು ಅಲ್ಲಿಂದ ನಂಟರ ಮನೆಗೆ ಹೋಗಲಿಲ್ಲ. ಸಿಕ್ಕ ಬಸ್ಸು ಹಿಡಿದು ಸಂಜೆಯ ಹೊತ್ತಿಗೆ ಇಳಕಲ್ಲು ಮುಟ್ಟಿದೆ.

ಅವನು ಬಯಲಿನಲ್ಲಿ ಸಿಕ್ಕ. ಆಟ ಮುಗಿದು ಉಳಿದವರು ಚದುರುತ್ತಿದ್ದರು. ಕಲ್ಲಿನ ಮೇಲೆ ಕೂತು ಕಾಲಿನ ಧೂಳು ಝಾಡಿಸುತ್ತಿದ್ದವನ ಮುಂದೆ ನಿಂತೇ ಎಲ್ಲ ಹೇಳಿದೆ. ತಾಯಿಗೆ ಬರೆದ ಕಾಗದ ಸುಳ್ಳು, ಬರಿಗಾಲು ಸುಳ್ಳು, ಎರಡನೆಯ ಕರೆ ಸುಳ್ಳು, ನನಗೆ ಗೊತ್ತಿದ್ದದ್ದು ಮೊದಲ ಮೂರು ಸಾಲು ಮತ್ತು ಆಮೇಲಿನ ಚೂರುಪಾರು ಅಷ್ಟೇ ಎಂದೆ.

ಅವನು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಇನ್ನೊಂದು ಕಾಲಿನ ಧೂಳನ್ನೂ ಝಾಡಿಸಿದ. ಆಮೇಲೆ, "ನಾ ಹೋಗಿದ್ರೂ ಆಡಸ್ತಿದ್ರೋ ಇಲ್ಲೋ, ಯಾರಿಗೆ ಗೊತ್ರಿ" ಎಂದ. ಮತ್ತೆ ತಡೆದು ಕೇಳಿದ, "ಖರೆ ಆಟಾ ಆಡ್ತಾನಲ್ರೀ ಅಂವಾ? ಅದಾರ ಖರೆ ಐತಿಲ್ಲೋ?"

"ಅದು ಖರೆ."

"ಹಂಗಿದ್ರ ನಮ್ಮ ಮನಿಯಾಕಿಗೆ ನೀವಽ ಹೇಳ್ರಿ. ಆಕಿ ತನಗ ತಾನ ಬೈಕೋತಾಳ್ರಿ ದಿನಾ. ನಾನಽ ಓದಿ ಹೇಳಿದೆ, ನಾನಽ ಒಲ್ಲೆ ಅಂತ ಬರದೆ ಅಂತ."

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನಾನು ಮಾಡಿದ್ದರ ಭಾರವನ್ನು ಎರಡು ವರ್ಷ ಅವಳು ಹೊತ್ತಿದ್ದಳು.

ಮನೆಗೆ ಹೋದೆವು. ಅವಳು ಬಾಗಿಲಲ್ಲಿ ನಿಂತೇ ಕೇಳಿಸಿಕೊಂಡಳು. ಈ ಸಲ ಜಮಖಾನೆ ಹಾಸಲಿಲ್ಲ. ಹಾಸಿದ್ದರೂ ನನಗೆ ಕೂಡ್ರಲು ಆಗುತ್ತಿರಲಿಲ್ಲ. ಮಾತು ಮುಗಿದ ಮೇಲೆ ಅವಳು ಗಂಡನನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು.

"ನಮ್ಮ ಓಣ್ಯಾಗ ಹೆಣ್ಮಕ್ಕಳನ್ನ ಸಾಲಿಗೆ ಹಾಕ್ತಿದ್ದಿಲ್ರಿ. ಓದಾಕ ಬಂದ್ರ ಯಾರೂ ಮೋಸಾ ಮಾಡಾಂಗಿಲ್ಲ ಅಂತ ನಮ್ಮಪ್ಪ ಹಟಾ ಹಿಡದು ಹಾಕಿದ್ದ. ಓದಾಕ ಬರದಿದ್ರ ಚೊಲೋ ಇತ್ತು ನೋಡ್ರಿ ಅಣ್ಣಾರ."

ಇಷ್ಟೇ ಹೇಳಿ ಒಳಗೆ ಹೋದಳು. ಅವಳ ಬಾಯಲ್ಲಿ ಆಗಲೂ ಅಣ್ಣಾರ ಎಂದೇ ಬಂದದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಬಾಗಲಕೋಟೆಗೆ ಬಂದು ಮಾಲಕರಿಗೆ ಹೇಳಿದೆ. ಆ ಬರಹಗಳಲ್ಲಿ ಬಹಳಷ್ಟು ಕಟ್ಟುಕತೆ, ಓದುಗರು ಕ್ಷಮಿಸಬೇಕು ಎಂದು ನಾಲ್ಕು ಸಾಲು ಹಾಕೋಣ ಎಂದೆ. "ಹುಚ್ಚಿದ್ದೀಯೇನಲೇ? ನಾಳಿಗೆ ಪೇಟಿ ಧಾರಣೀನೂ ಸುಳ್ಳು ಅಂತಾರ ಮಂದಿ" ಎಂದರು. ಅವರು ಇಲ್ಲದ ದಿನ ನೋಡಿ ನಾನೇ ಮೊಳೆ ಜೋಡಿಸಿ ಹಾಕಿದೆ. ಮುಂದಿನ ತಿಂಗಳು ಆ ಕೆಲಸ ಹೋಯಿತು. ಅದನ್ನು ಶಿಕ್ಷೆ ಎನ್ನಲಾರೆ. ಹುನಗುಂದದ ಒಂದು ಕಚೇರಿಯಲ್ಲಿ ಕಾರಕೂನನಾದೆ, ಅದೂ ಬೇಗನೇ ಸಿಕ್ಕಿತು. ಆ ನಾಲ್ಕು ಸಾಲಿನ ಬಗ್ಗೆ ಒಬ್ಬರೂ ಕಾರ್ಡು ಬರೆಯಲಿಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ಜಪಾನಿನ ಆಟಗಾರ ಜರ್ಮನಿಯ ಆಟ ಮುಗಿಸಿ ತನ್ನ ದೇಶಕ್ಕೆ ಮರಳಿದ ಎಂದು ಓದಿದೆ. ಅಷ್ಟು ವರ್ಷ ಪರದೇಶದಲ್ಲಿ, ಜಾಗ ಬದಲಿಸಿಕೊಂಡು, ಕ್ಲಬ್ಬು ಬದಲಿಸಿಕೊಂಡು ಅವನು ಆಡಿದ್ದ. ನಾನು ಕಟ್ಟಿದ ಯಾವ ಕತೆಯೂ ಅವನಿಗೆ ಬೇಕಿರಲಿಲ್ಲ. ಆ ಸುದ್ದಿಯನ್ನು ಇಳಕಲ್ಲಿಗೆ ತಿಳಿಸಬೇಕು ಅನಿಸಿ ಕಾರ್ಡು ತಂದೆ. ಆದರೆ ಅದನ್ನು ಓದಿ ಹೇಳಬೇಕಾದವಳು ಅವಳು. ಬರೆಯಲಾಗದೆ ನಾನೇ ಹೋದೆ.

ಅವನು ಆಗ ಆಡುವುದು ಬಿಟ್ಟು ಸುತ್ತಲಿನ ಊರುಗಳ ಪಂದ್ಯಗಳಿಗೆ ರೆಫರಿಯಾಗಿ ಹೋಗುತ್ತಿದ್ದ. ಬಸ್‌ಸ್ಟ್ಯಾಂಡಿನ ಎದುರು ಸಿಕ್ಕು ಎಲ್ಲ ಕೇಳಿದ. ಹಿಂದೆ ನಿಂತು ಆಡುವುದು ಎಷ್ಟು ಕಷ್ಟ ಎಂದು ಕೈಯಾಡಿಸಿ ವಿವರಿಸಿದ. ಮನೆಗೆ ಬರ್ರಿ ಎಂದು ಮಾತ್ರ ಕರೆಯಲಿಲ್ಲ. ನಾನು ಕೇಳಲೂ ಇಲ್ಲ. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು, "ಆಕಿ ಈಗ ಮಕ್ಕಳಿಗೂ ಪೇಪರ್ ಓದಿ ಹೇಳೂದಿಲ್ರಿ" ಎಂದ. ದೂರುವ ದನಿಯಲ್ಲಿ ಹೇಳಲಿಲ್ಲ. ನನಗೆ ತಿಳಿದಿರಲಿ ಎಂದು ಹೇಳಿದ.