ಡ್ರೈವರ್ ಸೀಟಿಗೊಂದು ನಿಂಬೆಹಣ್ಣು

ಹೊರಟ ದಿನದಿಂದಲೂ ಪ್ರಾರ್ಥನಾ ಹಿಂದಿನ ಸೀಟಿನಲ್ಲಿ ಕೂತು ಬ್ರೇಕ್ ಒತ್ತುತ್ತಲೇ ಇದ್ದಳು. ಅವಳ ಕಾಲ ಕೆಳಗೆ ಬ್ರೇಕ್ ಇರಲಿಲ್ಲ. ಇದ್ದದ್ದು ರಬ್ಬರ್ ಮ್ಯಾಟು ಮತ್ತು ಮಗ ಅಮೋಘ ಚೆಲ್ಲಿದ ಬಿಸ್ಕತ್ತಿನ ಪುಡಿ. ಆದರೂ ಮುಂದೆ ಲಾರಿಯೊಂದು ಕಂಡರೆ ಸಾಕು, ಬಲಗಾಲು ತಾನಾಗಿ ಬಿಗಿಯುತ್ತಿತ್ತು.

ಸ್ಟೀರಿಂಗ್ ಹಿಡಿದಿದ್ದವರು ಅವಳ ಅಪ್ಪ, ದ್ವಾರಕನಾಥರು. ಹರೆಯದಲ್ಲೇ ಮೈಸೂರಿನಿಂದ ಬಂದು ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಮನೆ ಮಾಡಿದವರು. ಕೆಲಸವಿದ್ದದ್ದು ಮಾತ್ರ ದುಬೈ ಕಡೆಯ ಜೆಬೆಲ್ ಅಲಿಯಲ್ಲಿ, ಒಂದು ಗೋದಾಮಿನ ಆಫೀಸಿನಲ್ಲಿ. ದಿನಾ ಬೆಳಗ್ಗೆ ಅತ್ತ, ಸಂಜೆ ಇತ್ತ. ಆ ರಸ್ತೆಯ ಮೇಲೆಯೇ ಅವರ ತಲೆ ನರೆಯಿತು. ಪರಿಚಯದವರಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ, ಯಾರ ಅತ್ತೆ ಮಾವ ವಿಮಾನ ಇಳಿದರೂ ಫೋನು ಇವರಿಗೇ. “ದ್ವಾರಕಣ್ಣ, ಗಾಡಿ ತರ್ತೀರಾ?” ಎಂದು ಕೇಳಿ ಮುಗಿಸುವಷ್ಟರಲ್ಲಿ ಅವರು ಲಿಫ್ಟಿನಲ್ಲಿರುತ್ತಿದ್ದರು. ಅಮೋಘನನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದೂ ಇದೇ ಹಳೆಯ ಬಿಳಿ ಗಾಡಿಯಲ್ಲಿ. ಎತ್ತಿನ ಗಾಡಿಯ ವೇಗದಲ್ಲಿ ಓಡಿಸಿಕೊಂಡು, ಹಿಂದಿನವರು ಹಾರ್ನ್ ಹೊಡೆದಾಗಲೆಲ್ಲ ಕನ್ನಡಿಯಲ್ಲೇ ಕೈ ಮುಗಿಯುತ್ತ ತಂದಿದ್ದರು.

ರಿಟೈರಾದ ಮೇಲೆ ಅವರಿಗಿದ್ದದ್ದು ಒಂದೇ ಹಟ: ಸೌದಿಯ ಜ್ವಾಲಾಮುಖಿ ನೆಲ ನೋಡಬೇಕು, ಅದೂ ತಾವೇ ಗಾಡಿ ಓಡಿಸಿಕೊಂಡು ಹೋಗಿ. ಚಳಿಗಾಲದ ರಜೆಯಲ್ಲಿ ಎಲ್ಲರೂ ಹೊರಟರು. ಅಲ್ಲಿಯ ತಾಯಿಫ್ ನಗರದವರೆಗೆ ಪ್ರಾರ್ಥನಾಳ ಗಂಡನೂ ಜೊತೆಗಿದ್ದ. ಆಫೀಸಿನಿಂದ ಕರೆ ಬಂದು ಅಲ್ಲಿಂದಲೇ ವಿಮಾನ ಹತ್ತಿದ. ಉಳಿದವರು ಅಪ್ಪ, ಅಮ್ಮ ಪುಟ್ಟಮ್ಮ, ಅವಳು, ಮೂರು ವರ್ಷದ ಅಮೋಘ. ಮನೆಗಿನ್ನೂ ಎರಡು ದಿನದ ದಾರಿಯಿತ್ತು.

ಅವಳಿಗೆ ಅನುಮಾನ ಹುಟ್ಟಿದ್ದು ಹಿಂದಿನ ಸಂಜೆ, ಜ್ವಾಲಾಮುಖಿಯ ಕುಳಿಯ ಅಂಚಿನಲ್ಲಿ. ಕುಳಿಯ ತಳದಲ್ಲಿ ಉಪ್ಪು ಹರಡಿದಂಥ ಬಿಳಿ ನೆಲ, ಅದರ ಮೇಲೆ ಇರುವೆಗಳಂತೆ ಮನುಷ್ಯರು. ಅಮೋಘನ ಸ್ವೆಟರಿನ ಟೋಪಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಅವಳು, “ಅಲ್ಲೀವರೆಗೂ ಇಳೀತಾರಲ್ಲ ಜನ,” ಎಂದಳು. “ಎಲ್ಲಿ?” ಎಂದರು ಅಪ್ಪ. ಅವಳು ಬೆರಳು ಮಾಡಿ ತೋರಿಸಿದಳು. ಅಪ್ಪ ಬೇರೆಲ್ಲೋ ನೋಡಿ ತಲೆಯಾಡಿಸಿದರು. ಆಮೇಲೆ ತುಂಬಾ ಹೊತ್ತು ಕನ್ನಡಕ ಒರೆಸಿದರು.

ಈಗ ರಸ್ತೆಯ ಎರಡೂ ಬದಿಗೆ ಕಪ್ಪು ಕಲ್ಲು. ಯಾರೋ ಒಗ್ಗರಣೆ ಹೊತ್ತಿಸಿ ಬಾಣಲೆಯನ್ನೇ ಕವುಚಿದ ಹಾಗೆ, ಕಣ್ಣು ಹಾಯುವವರೆಗೂ ಸುಟ್ಟ ನೆಲ. ರಸ್ತೆಗೆ ಹೊಸದಾಗಿ ಟಾರು ಹಾಕಿದ್ದರು, ಬಿಳಿ ಗೆರೆ ಇನ್ನೂ ಎಳೆದಿರಲಿಲ್ಲ. ಗಾಡಿ ಒಮ್ಮೆ ಅಂಚು ಬಿಟ್ಟು ಜಲ್ಲಿಗೆ ಇಳಿಯಿತು, ಮೇಲೆ ಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯಿತು. ಪುಟ್ಟಮ್ಮನ ಕೈಯ ಫ್ಲಾಸ್ಕು ಉರುಳಿಬಿತ್ತು.

“ಗಾಳಿ,” ಎಂದರು ಅಪ್ಪ.

ಮುಳ್ಳಿನ ಗಿಡಕ್ಕೆ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಚೀಲವೊಂದನ್ನು ಪ್ರಾರ್ಥನಾ ಕಿಟಕಿಯಿಂದ ನೋಡಿದಳು. ಅದು ಅಲುಗಾಡುತ್ತಿರಲಿಲ್ಲ.

ಹೇಳದಿದ್ದರೆ ಮಗುವಿಗೆ ಅಪಾಯ, ಹೇಳಿದರೆ ಅಪ್ಪನಿಗೆ ನೋವು. ಲೈಸೆನ್ಸೇನೋ ಅವಳ ಹತ್ತಿರವೂ ಇತ್ತು. ಪರೀಕ್ಷೆಯಲ್ಲಿ ಫೇಲಾಗಿ ಫೇಲಾಗಿ, ಪರೀಕ್ಷೆ ಮಾಡುವವನೇ ಹೆಸರು ಹಿಡಿದು ಕರೆಯುವಷ್ಟು ಪರಿಚಯವಾದ ಮೇಲೆ ಸಿಕ್ಕ ಲೈಸೆನ್ಸು. ಅದನ್ನಿಟ್ಟುಕೊಂಡು ಅವಳು ಓಡಿಸಿದ್ದು ಮನೆಯ ಹತ್ತಿರದ ಹಮ್ದಾನ್ ಸ್ಟ್ರೀಟಿನವರೆಗೆ, ಅದೂ ಅಮೋಘ ಗಾಡಿಯಲ್ಲಿ ಇಲ್ಲದಾಗ.

ಪೆಟ್ರೋಲ್ ಬಂಕ್ ಬಂತು. ಕಾಗದದ ಲೋಟದಲ್ಲಿ ಟೀ ಹಿಡಿದು ದೊಡ್ಡವರು ಮೂವರೂ ಅಮೋಘನೊಂದಿಗೆ ಬಿಸಿಲಿಗೆ ನಿಂತರು.

“ಅಪ್ಪಾ, ನಂಗೂ ಹೈವೇ ಅಭ್ಯಾಸ ಆಗ್ಬೇಕು. ಸ್ವಲ್ಪ ದೂರ ಕೊಡ್ತೀರಾ?” ಎಂದಳು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ತಿದ್ದಿಕೊಂಡಿದ್ದ ಮಾತು, ಬಾಯಿಗೆ ಬರುವಾಗ ಸಣ್ಣದಾಯಿತು.

“ನೀನಾ?” ಎಂದರು ಪುಟ್ಟಮ್ಮ. “ಬೇಸ್‌ಮೆಂಟಲ್ಲಿ ಕಂಬಕ್ಕೆ ಗುದ್ದಿದೋಳು.”

“ಕಂಬಕ್ಕೆ ಏನೂ ಆಗ್ಲಿಲ್ವಲ್ಲಮ್ಮ.”

ಅಪ್ಪ ಟೀ ಊದಿದರು. “ಹೊರಟಾಗಿಂದ ಹಿಂದೆ ಕೂತು ಬ್ರೇಕ್ ಹಾಕ್ತಾನೇ ಇದ್ದೀಯ. ನಿನ್ ಮಂಡಿ ನನ್ ಬೆನ್ನಿಗೆ ಚುಚ್ಚುತ್ತೆ ಕಣೇ. ಮುಂದೆ ಬಂದು ಹಾಕು, ಗಾಡಿಯಾದ್ರೂ ನಿಲ್ಲುತ್ತೆ.”

ಪುಟ್ಟಮ್ಮ ನಕ್ಕರು. ಅಪ್ಪ ನಗಲಿಲ್ಲ. ಮೊಮ್ಮಗನ ಕಡೆ ನೋಡುತ್ತ, ಮಗಳಿಗೆ ಮಾತ್ರ ಕೇಳುವಷ್ಟು ತಗ್ಗಿದ ದನಿಯಲ್ಲಿ, “ಕಪ್ಪು ನೆಲ, ಕಪ್ಪು ರೋಡು. ಯಾವ್ದು ಎಲ್ಲಿ ಮುಗಿಯುತ್ತೆ ಅಂತ ತಿಳೀತಿಲ್ಲ ಪುಟ್ಟಿ,” ಎಂದರು. “ನೀನೇ ಕೇಳ್ಲಿ ಅಂತಿದ್ದೆ. ನಾನಾಗಿ ಕೊಡೋಕೆ ಕೈ ಬರ್ಲಿಲ್ಲ.”

ಅವಳು ಅಪ್ಪನ ಸ್ವೆಟರಿನ ಮೇಲಿನ ಗುಂಡಿ ಹಾಕಿದಳು.

“ಒಂದು ನಿಂಬೆಹಣ್ಣು ಇದೆಯಲ್ಲ ನಿನ್ ಹತ್ರ? ತಾ ಇಲ್ಲಿ,” ಎಂದರು ಅಪ್ಪ.

“ಅದು ಅಮೋಘನಿಗೆ. ವಾಂತಿ ಬರೋ ಹಾಗಾದ್ರೆ ಮೂಸಿಸೋಕೆ. ಉಳಿದಿರೋದೇ ಒಂದು.”

“ನೀನು ಸರಿಯಾಗಿ ಓಡಿಸಿದ್ರೆ ಅವನಿಗ್ಯಾಕೆ ವಾಂತಿ ಬರುತ್ತೆ?”

ಹಣ್ಣು ಹಿಡಿದು ಅಪ್ಪ ಗಾಡಿಯ ಮುಂದೆ ಬಂದರು. ಊರಿನ ಅಭ್ಯಾಸಬಲದಿಂದ ಬಲಗಡೆಯ ಚಕ್ರಕ್ಕೆ ಬಗ್ಗಿದವರು ನೆನಪಾಗಿ ಎದ್ದು, ಈ ದೇಶಗಳಲ್ಲಿ ಡ್ರೈವರ್ ಕೂರುವ ಎಡಗಡೆಗೆ ಹೋಗಿ ಕುಕ್ಕುರುಗಾಲಲ್ಲಿ ಕೂತರು. ಟೈರಿಗೆ ಒತ್ತಿ ಹಣ್ಣಿಟ್ಟರು. ಬಂಕಿನ ಹುಡುಗ ಪೈಪು ಹಿಡಿದುಕೊಂಡೇ ಬೆರಗಾಗಿ ನೋಡಿದ.

“ಹೊಸ ಗಾಡಿಗಲ್ವೇನ್ರೀ ಇದು?” ಎಂದರು ಪುಟ್ಟಮ್ಮ.

“ಗಾಡಿ ಹಳೇದೇ. ಡ್ರೈವರ್ ಹೊಸಬಳು. ಯಲ್ಲಾ, ನಡಿ, ಹತ್ತು.”

ಪ್ರಾರ್ಥನಾ ಸೀಟನ್ನು ಮುಂದಕ್ಕೆಳೆದಳು, ಕನ್ನಡಿ ಇಳಿಸಿದಳು, ಅಮೋಘನ ಬೆಲ್ಟನ್ನು ಅಮ್ಮನಿಂದ ಎರಡೆರಡು ಸಲ ಎಳೆಸಿ ನೋಡಿದಳು. ನಿಂಬೆಹಣ್ಣು ಪಿಚಕ್ಕೆಂದಿತು. ಗಾಡಿ ರಸ್ತೆಗೆ ಬಂತು.

ಮೊದಲ ಲಾರಿ ಎದುರಾದಾಗ ಅವಳು ಬ್ರೇಕ್ ಒತ್ತಿದಳು. ಪಕ್ಕದಲ್ಲಿ ಅಪ್ಪನ ಬಲಗಾಲೂ ಮ್ಯಾಟಿನ ಮೇಲೆ ಬಿಗಿಯಾಯಿತು. ಅವಳು ನೋಡಿದಳು. ಎರಡನೆಯ ಲಾರಿಗೂ ಹಾಗೇ. ಕಪ್ಪು ಕಲ್ಲು ತೆಳುವಾಗಿ, ನಡುನಡುವೆ ಮರಳು ಕಾಣತೊಡಗಿದಾಗ ಅಪ್ಪ ಬೂಟು ಬಿಚ್ಚಿದರು. ಮನೆಯ ಸೋಫಾದಲ್ಲಿ ಕೂರುವಂತೆ ಕಾಲು ಮಡಿಸಿ ಕೂತರು. ಇಷ್ಟು ವರ್ಷಗಳಲ್ಲಿ ಆ ಗಾಡಿಯೊಳಗೆ ಅವರ ಬರಿಗಾಲನ್ನು ಯಾರೂ ಕಂಡಿರಲಿಲ್ಲ.

“ಹೂ ಈಸ್ ಡ್ರೈವಿಂಗ್, ತಾತ?” ಹಿಂದಿನಿಂದ ಅಮೋಘ, ನಿದ್ದೆಗಣ್ಣಲ್ಲಿ.

“ನಿಮ್ಮಮ್ಮ ಕಣೋ.”

“ಓಕೆ,” ಎಂದು ಅವನು ಮತ್ತೆ ಮಲಗಿದ. ಅಷ್ಟು ಸಲೀಸಾಗಿ ಅವನು ಒಪ್ಪಿಕೊಂಡದ್ದು ಕಂಡು ಅವಳು ಕನ್ನಡಿಯಲ್ಲಿ ಅವನ ಮುಖವನ್ನೊಮ್ಮೆ ನೋಡಿಕೊಂಡಳು.

ಮರುದಿನ ಸಂಜೆ ಗಡಿ ದಾಟಿ ಎಲೆಕ್ಟ್ರಾ ಸ್ಟ್ರೀಟಿಗೆ ಬಂದಾಗ ಎಂದಿನಂತೆ ಪಾರ್ಕಿಂಗ್ ಇಲ್ಲ. ಸುತ್ತಿ ಸುತ್ತಿ ಕೊನೆಗೆ ಎರಡು ಕಾರುಗಳ ನಡುವೆ ಇಕ್ಕಟ್ಟಿನ ಒಂದು ಜಾಗ ಸಿಕ್ಕಿತು. ಕೀಲಿ ಕೊಟ್ಟುಬಿಡಲೇ ಎಂದು ಪ್ರಾರ್ಥನಾ ಅಪ್ಪನ ಕಡೆ ತಿರುಗಿದರೆ ಅವರು ಆಗಲೇ ಇಳಿದಾಗಿತ್ತು.

ಹಿಂದೆ ನಿಂತು, ಒಂದು ಅಂಗೈಯನ್ನು ಗಾಡಿಯ ಮೈಗೆ, ಇನ್ನೊಂದನ್ನು ಹಿಂದಿನ ಕಾರಿನ ಮೂತಿಗೆ ಇಟ್ಟಿದ್ದರು. ಕಣ್ಣಿಗೆ ಸಿಗದ ಅಂತರವನ್ನು ಕೈಯಲ್ಲೇ ಅಳೆಯುತ್ತಿದ್ದರು.

“ಬರ್ಲಿ,” ಎಂದರು. “ಬರ್ಲಿ, ಬರ್ಲಿ. ಹೆದರ್ಬೇಡ, ನಾನಿದ್ದೀನಿ. ಇನ್ನೂ ಬರ್ಲಿ.”

ಅವಳು ಕನ್ನಡಿ ನೋಡುವುದನ್ನು ಬಿಟ್ಟು ಆ ದನಿಯನ್ನೇ ಹಿಡಿದು ಹಿಂದಕ್ಕೆ ಬಿಟ್ಟಳು.